ಬೆಲ್ಲ ಬಿಟ್ಟ ನೇಮಿರಾಜಯ್ಯ

ಮದುವೆಯ ದಿನ ಪಂಕ್ತಿಯಲ್ಲಿ ಮದುಮಗ ಹೋಳಿಗೆಯನ್ನು ಮುಟ್ಟದೆ ಎಲೆಯ ಅಂಚಿಗೆ ಸರಿಸಿದಾಗ ಮದುಮಗಳು ಚಕ್ರೇಶ್ವರಿಯ ತಾಯಿ ಅನಂತಮ್ಮನವರ ಎದೆ ಧಸಕ್ಕೆಂದಿತು. ಹುಡುಗನಿಗೆ ಸಕ್ಕರೆ ಕಾಯಿಲೆಯೇ? ಮುಚ್ಚಿಟ್ಟು ಹೆಣ್ಣು ತಂದುಕೊಂಡರೇ? ಅವರ ಮುಖ ನೋಡಿ ಗಂಡಿನ ಕಡೆಯ ಮುದುಕಿಯೊಬ್ಬಳು ಕಿವಿಯಲ್ಲಿ ಹೇಳಿದಳು: "ಕಾಯ್ಲೆ ಅಲ್ಲ ಕಣವ್ವ, ನಿಯಮ. ಬೆಳಗೊಳದಲ್ಲಿ ಮುನಿಗಳ ಮುಂದೆ ಬೆಲ್ಲ ಬಿಟ್ಟವ್ನೆ."

ಅನಂತಮ್ಮನವರ ಕಣ್ಣಲ್ಲಿ ನೀರು ಬಂತು. ಈ ಕಾಲದಲ್ಲಿ ಇಂಥ ಧರ್ಮಿಷ್ಠ ಅಳಿಯ! ತಲೆ ಬಗ್ಗಿಸಿ ಕೂತಿದ್ದ ಚಕ್ರೇಶ್ವರಿಗೂ ಹೆಮ್ಮೆಯಾಯಿತು, ಜೊತೆಗೆ ಒಂದಿಷ್ಟು ಭಯವೂ ಆಯಿತು. ಇವತ್ತು ಬೆಲ್ಲ ಬಿಟ್ಟವರು ನಾಳೆ ಮನೆಯನ್ನೂ ಬಿಟ್ಟರೆ?

ಹಾಸನಕ್ಕೆ ಬಂದು ವಾರ ಕಳೆದ ಮೇಲೆ ಅವಳು ಧೈರ್ಯ ಮಾಡಿ ಕೇಳಿದಳು. "ನಿಯಮ ಅಂದ್ರೆ, ಎಲ್ಲಿವರೆಗೆ?"

"ನಮ್ಮ ಕಾಲೇಜು ಫುಟ್ಬಾಲ್ ಟೀಮು ಒಂದು ಮ್ಯಾಚ್ ಗೆಲ್ಲೋವರೆಗೆ" ಎಂದ ನೇಮಿರಾಜಯ್ಯ.

ಅವಳು ನಕ್ಕಳು. ಅವನು ನಗಲಿಲ್ಲ.

ನೇಮಿರಾಜಯ್ಯ ಹುಟ್ಟಿದ್ದು ಜಿನನಾಥಪುರದಲ್ಲಿ. ಮಿಡ್ಲ್ ಸ್ಕೂಲಿಗೇ ಓದು ಬಿಟ್ಟು, ಹಾಸನದಲ್ಲಿದ್ದ ಸೋದರಮಾವನ ಪಾತ್ರೆ ಅಂಗಡಿಗೆ ಬಂದು ಸೇರಿದವನು. ಕೊಳಗ, ಚೊಂಬು, ಹಂಡೆಗಳ ನಡುವೆಯೇ ಮೀಸೆ ಬಂತು. ಊರಿನ ಕಾಲೇಜಿನ ಮೇಲೆ ಅವನಿಗಿದ್ದ ಅಭಿಮಾನ ಅಲ್ಲಿ ಓದಿದವರಿಗೂ ಇರಲಿಲ್ಲ. ಓದಿದವರಿಗೆ ಅದರ ಒಳಗು ಗೊತ್ತಿತ್ತು, ಇವನಿಗೆ ಗೇಟು ಮಾತ್ರ ಗೊತ್ತಿತ್ತು. ಸುತ್ತಲಿನ ಊರುಗಳ ಪಂದ್ಯಾವಳಿಗೆ ಕಪ್ಪು ಬೇಕೆಂದಾಗ, ಎರಡು ಕಿವಿಯ ದೊಡ್ಡ ಹಿತ್ತಾಳೆ ಕಪ್ಪನ್ನು ಮಾಡಿಸಿಕೊಟ್ಟವನು ಅವನೇ. ಅದು ಹಾಸನದಲ್ಲೇ ಇರುತ್ತದೆ, ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಾನೇ ಉಜ್ಜಿಕೊಡಬಹುದು ಎಂದುಕೊಂಡಿದ್ದ. ಕಪ್ಪು ಮೊದಲ ವರ್ಷವೇ ಅರಕಲಗೂಡಿಗೆ ಹೋಯಿತು. ಮರುವರ್ಷ ಚನ್ನರಾಯಪಟ್ಟಣಕ್ಕೆ, ಅಲ್ಲಿಂದ ಹೊಳೆನರಸೀಪುರಕ್ಕೆ. ಅರಕಲಗೂಡಿನಲ್ಲಿ ಯಾರದೋ ಮನೆಯಲ್ಲಿ ಅದಕ್ಕೆ ವೀಳ್ಯದೆಲೆ ತುಂಬಿ ಇಟ್ಟಿದ್ದರು ಎಂಬ ಸುದ್ದಿ ಕೇಳಿ ಅವನು ಆ ದಿನ ಅಂಗಡಿಯನ್ನೇ ತೆಗೆಯಲಿಲ್ಲ.

ಐವತ್ತೇಳರ ಮಳೆಗಾಲದಲ್ಲಿ ಬೆಳಗೊಳಕ್ಕೆ ಮುನಿಗಳೊಬ್ಬರು ಬಂದು ನಿಂತರು. ಶ್ರಾವಕರು ಸಾಲಾಗಿ ಹೋಗಿ, ಕೈಲಾದಷ್ಟು ಕಾಲಕ್ಕೆ ನಾಲಿಗೆಯ ಒಂದು ರುಚಿ ಬಿಡುತ್ತೇವೆಂದು ಅವರ ಮುಂದೆ ನಿಯಮ ಹಿಡಿಯುತ್ತಿದ್ದರು. ಒಬ್ಬರು ತುಪ್ಪ ಬಿಟ್ಟರು, ಒಬ್ಬರು ಮೊಸರು ಬಿಟ್ಟರು. ಯಾರೂ ಒಂದು ಚಾತುರ್ಮಾಸಕ್ಕಿಂತ ಹೆಚ್ಚು ಹೇಳಲಿಲ್ಲ. ಬುದ್ಧಿವಂತರು. ಹಿಂದಿನ ಭಾನುವಾರವಷ್ಟೇ ಕಾಲೇಜು ಏಳು ಗೋಲಿನಲ್ಲಿ ಸೋತಿದ್ದ ಉರಿ ಇನ್ನೂ ಆರಿರದ ನೇಮಿರಾಜಯ್ಯ ಬೆಲ್ಲ ಸಕ್ಕರೆ ಎರಡನ್ನೂ ಬಿಟ್ಟ. ಎಷ್ಟು ಕಾಲ ಎಂದು ಕೇಳಿದ್ದಕ್ಕೆ, ಕಾಲೇಜು ಗೆಲ್ಲುವವರೆಗೆ ಎಂದ. ಅವನ ಲೆಕ್ಕದಲ್ಲಿ ಅದು ಹೆಚ್ಚೆಂದರೆ ದೀಪಾವಳಿ. ಇಂಥ ಅವಧಿಯನ್ನು ಮುನಿಗಳು ಅದುವರೆಗೆ ಕೇಳಿರಲಿಲ್ಲ. ಆದರೂ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಮಳೆಗಾಲ ಮುಗಿದೊಡನೆ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೊರಟುಹೋದರು. ನಿಯಮ ಕೊಟ್ಟವರೇ ಇಲ್ಲದ ಮೇಲೆ ಬಿಡಿಸುವವರು ಯಾರು?

ಕಾಲೇಜು ಗೆಲ್ಲಲಿಲ್ಲ. ಹುಡುಗರು ಬಂದರು, ಪಾಸೋ ಫೇಲೋ ಆಗಿ ಹೋದರು. ಸೋಲು ಮಾತ್ರ ಮನೆತನದ ಮೂಗಿನ ಹಾಗೆ ತಂಡದಿಂದ ತಂಡಕ್ಕೆ ಇಳಿದು ಬಂತು. ಮೈದಾನದ ದಿಬ್ಬದ ಮೇಲೆ ಕೂರುವ ಜನವೂ ಬದಲಾಗಲಿಲ್ಲ. "ಈ ದರಿದ್ರದೋರ ಆಟ ಇನ್ಮೇಲೆ ನೋಡಿದ್ರೆ ಕೇಳಿ" ಎಂದು ಪ್ರತಿಸಲವೂ ಅಂಗವಸ್ತ್ರ ಒದರಿ ಎದ್ದು ಹೋಗುತ್ತಿದ್ದ ಜವಳಿ ಅಂಗಡಿಯ ಚಂದ್ರಶೇಖರಯ್ಯ, ಮುಂದಿನ ಮ್ಯಾಚಿಗೆ ಎಲ್ಲರಿಗಿಂತ ಮೊದಲು ಬಂದು ನೆರಳು ಹಿಡಿಯುತ್ತಿದ್ದರು. ಅವರು ಹುಡುಗರನ್ನು ಎಮ್ಮೆಗಳು ಎನ್ನಬಹುದಿತ್ತು. ಚನ್ನರಾಯಪಟ್ಟಣದವನೊಬ್ಬ ಅದೇ ಮಾತು ಅಂದಾಗ ಅವನ ಕೊರಳಪಟ್ಟಿಗೆ ಕೈ ಹಾಕಿದವರೂ ಅವರೇ. ಕಡ್ಲೆಕಾಯಿ ಮಾರುವ ಸಣ್ಣಯ್ಯನೊಬ್ಬನಿಗೇ ಈ ವಿಷಯದಲ್ಲಿ ಮನಸ್ಸು ಎರಡಾಗಿರಲಿಲ್ಲ. "ಗೆಲ್ಲೋರ ಆಟದಲ್ಲಿ ಜನ ಬಾಯ್ ಬುಟ್ಕೊಂಡು ನೋಡ್ತಾರೆ ಸಾ, ಕಡ್ಲೆಕಾಯಿ ಕೈಯಾಗೇ ಇರ್ತದೆ. ಸೋಲೋರ ಆಟದಲ್ಲಿ ಅಲ್ಲು ಕಡೀಬೇಕಲ್ಲಾ, ಯಾಪಾರ ಆಯ್ತದೆ."

ಈ ದಿಬ್ಬದ ಮೇಲೆ ನೇಮಿರಾಜಯ್ಯನಿಗೆ ಬರಬರುತ್ತಾ ಒಂದು ಸ್ಥಾನ ಬಂದಿತ್ತು. ಕಪ್ಪು ಕೊಟ್ಟವನೆಂದು ಯಾರೂ ನೆನೆಯಲಿಲ್ಲ. "ಬೆಲ್ಲ ಬಿಟ್ಟ ನೇಮಿರಾಜಯ್ಯ" ಎಂದರೆ ನಾಲ್ಕೂರಿಗೆ ಗೊತ್ತು. ಅವನು ಬಂದರೆ ಜನ ಸರಿದು ಜಾಗ ಬಿಡುತ್ತಿದ್ದರು. ಹೊಸದಾಗಿ ಬಂದ ಲೆಕ್ಚರರುಗಳಿಗೆ ಅವನನ್ನು ತೋರಿಸುತ್ತಿದ್ದರು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಾದ ಜೈನನಾದ್ದರಿಂದ, ಕೊನೆಯ ಸೀಟಿ ಊದಿದೊಡನೆ ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನು ಮನೆಗೆ ಓಡುವುದನ್ನು ಕಂಡು, "ನಮ್ಮ ಹುಡುಗ್ರು ಇದ್ರಲ್ಲಿ ಅರ್ಧ ಓಡಿದ್ರೂ ಗೆಲ್ತಿದ್ರು ಕಣ್ರೀ" ಎಂದು ಚಂದ್ರಶೇಖರಯ್ಯ ನಿಟ್ಟುಸಿರು ಬಿಡುತ್ತಿದ್ದರು.

ಮನೆಯಲ್ಲಿ ಈ ಕೀರ್ತಿಯ ರುಚಿ ಬೇರೆ ಇತ್ತು. ಬಿಟ್ಟವನ ಕಣ್ಣೆದುರು ತಿನ್ನುವುದು ಅವನ ನಿಯಮಕ್ಕೆ ಕಲ್ಲು ಹಾಕಿದ ಹಾಗೆ ಎಂದು ಅತ್ತೆ ಹೇಳಿಕೊಟ್ಟು ತೀರಿಕೊಂಡಿದ್ದರು. ಹಾಗಾಗಿ ಯುಗಾದಿಗೂ ಆ ಮನೆಯ ಒಲೆಯ ಮೇಲೆ ಪಾಯಸ ಕುದಿಯಲಿಲ್ಲ. ಬಸುರಿಯಾಗಿ ಬಯಕೆ ಬಂದಾಗಲೂ ಚಕ್ರೇಶ್ವರಿ ಹುಣಸೆಹಣ್ಣು ಚೀಪಿ ಸುಮ್ಮನಾದಳು. ತನ್ನ ಮಟ್ಟಿಗೆ ಅವಳು ಸಹಿಸಿಕೊಂಡೇ ಇರುತ್ತಿದ್ದಳೇನೋ. ಆದರೆ ಮಗಳು ಮರುದೇವಿಗೆ ಈಗ ನಾಲ್ಕು ತುಂಬಿತ್ತು. ಒಂದು ದಿನ ಮಗು ಪಕ್ಕದ ಮನೆಯ ಹೊಸಲಿನ ಮೇಲೆ ನಿಂತು, ಅಂಗೈ ಚಾಚಿ, "ದಾಕ್ಷಾಯಣಮ್ಮಜ್ಜಿ, ಒಂಚೂರು ಬೆಲ್ಲ" ಎನ್ನುವುದು ಅವಳ ಕಿವಿಗೆ ಬಿತ್ತು. ಅಜ್ಜಿ ಕೊಟ್ಟರು. ಕೊಟ್ಟು, "ಪಾಪ, ಅಷ್ಟು ದೊಡ್ಡ ಅಂಗ್ಡಿ, ಮಗೀಗೆ ಒಂದಚ್ಚು ಬೆಲ್ಲಕ್ಕೂ ಗತಿಯಿಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

ಅವತ್ತು ಚಕ್ರೇಶ್ವರಿ ತೀರ್ಮಾನ ಮಾಡಿದಳು. ಕಾಲೇಜು ಗೆಲ್ಲಲೇಬೇಕು. ಅದಾಗಿ ಗೆಲ್ಲದಿದ್ದರೆ ತಾನೇ ಗೆಲ್ಲಿಸಬೇಕು.

ಅರವತ್ತಮೂರರ ಮಾಗಿಯಲ್ಲಿ ಹೊಳೆನರಸೀಪುರದ ಯುವಕರ ಸಂಘದೊಡನೆ ಮ್ಯಾಚು ಗೊತ್ತಾಯಿತು. ಆ ತಂಡದ ಗೋಲು ಕಾಯುವವನು, ಅಲ್ಲಿನ ಶಾಲೆಯಲ್ಲಿ ಮೇಷ್ಟರಾಗಿದ್ದ ಪಾರ್ಶ್ವನಾಥ, ಅವಳ ಒಡಹುಟ್ಟಿದ ತಮ್ಮ. ಹಿಂದಿನ ದಿನವೇ ಬಂದು ಅಕ್ಕನ ಮನೆಯಲ್ಲಿ ಉಳಿದ. ಭಾವ ಅಂಗಡಿಗೆ ಹೋದದ್ದನ್ನು ನೋಡಿಕೊಂಡು, ತಮ್ಮನಿಗೆ ದೋಸೆ ಹಾಕುತ್ತಾ ಅವಳು ವಿಷಯ ಎತ್ತಿದಳು.

"ಒಂದೇ ಒಂದು ಗೋಲು ಬಿಟ್ಬಿಡೋ ಪಾಚಿ."

ಅವನು ಬಾಯಿಗೆತ್ತಿದ ದೋಸೆಯನ್ನು ಕೆಳಗಿಟ್ಟ. "ಅಕ್ಕ! ಅದು ಮೋಸ ಅಲ್ವಾ?"

"ಮೋಸಾನ? ಹೆತ್ತ ಮಗು ಕಂಡೋರ ಮನೆ ಬಾಗ್ಲಲ್ಲಿ ಬೆಲ್ಲಕ್ಕೆ ಕೈ ಚಾಚುತ್ತೆ ಕಣೋ. ಅದನ್ನ ಏನಂತಾರೆ, ಹೇಳು ಮೇಷ್ಟ್ರೆ."

ಪಾರ್ಶ್ವನಾಥ ತುಂಬ ಹೊತ್ತು ಚಟ್ನಿ ಕಲೆಸಿದ. ಆಮೇಲೆ ಮೆತ್ತಗೆ ಹೇಳಿದ: "ನಾನೇನೋ ಬಿಡ್ತೀನಿ. ಬಿಡೋಕೂ ಚೆಂಡು ನನ್ನ ಹತ್ರ ಬರ್ಬೇಕಲ್ಲ ಅಕ್ಕ? ಹೋದ್ ವರ್ಷ ನಾನು ಇಡೀ ಆಟ ಕಂಬಕ್ಕೊರಗಿ ನಿಂತಿದ್ದೆ. ಒಂದು ಸಲಾನೂ ತರ್ಲಿಲ್ಲ ನಿಮ್ಮೋರು."

ಭಾನುವಾರ ಬೆಳಿಗ್ಗೆ, ಗಂಡ ಬಸದಿಗೆ ಹೋದಾಗ, ಅವಳು ದಾಕ್ಷಾಯಣಮ್ಮನವರಿಂದಲೇ ಬೆಲ್ಲ ಕಡ ತಂದು, ಬೇಳೆ ಬೇಯಿಸಿ, ಹೂರಣ ರುಬ್ಬಿ, ಪಾತ್ರೆಯಲ್ಲಿ ಮುಚ್ಚಿಟ್ಟಳು. ಕಣಕ ನಾದಿ ಎಣ್ಣೆಯಲ್ಲಿ ನೆನೆಹಾಕಿದಳು. ಗೆದ್ದು ಬಂದ ಕ್ಷಣ ತಟ್ಟಿ ಬೇಯಿಸಿದರೆ ಹೊತ್ತು ಮುಳುಗುವ ಮುಂಚೆ ಅವನ ಬಾಯಿಗೆ ಬೀಳುತ್ತದೆ. ಎಲ್ಲ ಲೆಕ್ಕ ಹಾಕಿ, ಮಗುವನ್ನು ಎತ್ತಿಕೊಂಡು, ಜನ್ಮದಲ್ಲಿ ಮೊದಲ ಸಲ ಫುಟ್ಬಾಲ್ ನೋಡಲು ಹೊರಟಳು. ದಿಬ್ಬದ ಹಿಂದೆ ರಸ್ತೆಯಲ್ಲಿ ನಿಲ್ಲಿಸಿದ ಜಟಕಾದೊಳಗೆ ಕೂತರೆ ಮೈದಾನವೂ ಕಾಣುತ್ತಿತ್ತು, ಗಂಡನೂ ಕಾಣುತ್ತಿದ್ದ.

ಆಟ ಅವಳು ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಕಾಲೇಜಿನ ಹುಡುಗರೆಲ್ಲ ಒಟ್ಟಾಗಿ ಚೆಂಡಿನ ಹಿಂದೆ ಓಡುತ್ತಿದ್ದರು. ಚೆಂಡು ನಿಂತರೆ ಅವರು ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಹೊಳೆನರಸೀಪುರದವರೂ ಆ ದಿನ ಯಾಕೋ ಗೋಲು ಹೊಡೆಯಲಾರದೆ ಒದ್ದಾಡುತ್ತಿದ್ದರು. ಅರ್ಧ ಆಟ ಮುಗಿದರೂ ಚೆಂಡು ಪಾರ್ಶ್ವನಾಥನ ಹತ್ತಿರ ಸುಳಿಯಲಿಲ್ಲ. ಕೊನೆಗೊಮ್ಮೆ, ಯಾರೂ ಒದೆಯದೆ ತಾನೇ ದಾರಿ ತಪ್ಪಿದಂತೆ, ಅದು ಉರುಳಿಕೊಂಡು ಅವನ ಬಳಿಗೆ ಬಂತು. ಅವನು ಗುರುಗಳ ಪಾದ ಮುಟ್ಟುವವನಂತೆ ಬಗ್ಗಿದ. ಚೆಂಡು ಎರಡು ಕಾಲಿನ ನಡುವೆ ಹಾದು ಒಳಗೆ ಹೋಯಿತು.

ದಿಬ್ಬ ಸುಮ್ಮನಿತ್ತು. ಸಂತೋಷಪಡುವ ಅಭ್ಯಾಸವೇ ಯಾರಿಗೂ ಇರಲಿಲ್ಲ. "ಗೋಲು ಅಲ್ವಾ ಸಾ ಅದು?" ಎಂದು ಸಣ್ಣಯ್ಯ ಕೇಳಿದ ಮೇಲೆ ಅಲ್ಲೊಂದು ಇಲ್ಲೊಂದು ಕೂಗು ಎದ್ದಿತು. ಚಂದ್ರಶೇಖರಯ್ಯ ಎದ್ದು ನೇಮಿರಾಜಯ್ಯನ ಭುಜ ಹಿಡಿದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಹೋಯ್ತಲ್ರೀ ನಿಮ್ಮ ನಿಯಮ!" ಎಂದರು.

ಚಕ್ರೇಶ್ವರಿ ಗಂಡನ ಮುಖ ನೋಡಿದಳು. ಅವನು ನಗುತ್ತಾನೆಂದು, ಕುಣಿಯುತ್ತಾನೆಂದು, ಎದ್ದು ಮನೆಯ ಕಡೆ ಓಡಿಬರುತ್ತಾನೆಂದು ಅವಳು ಕಾದಳು. ನೇಮಿರಾಜಯ್ಯ, ಗಂಟನ್ನು ಬಸ್ಸಿನಲ್ಲೇ ಮರೆತು ಇಳಿದವನ ಹಾಗೆ, ಎತ್ತಲೋ ನೋಡುತ್ತಾ ನಿಂತಿದ್ದ. ಸೀಟಿ ಊದಲು ಇನ್ನೆಷ್ಟು ಹೊತ್ತಿದೆ ಎಂದು ಪಕ್ಕದವರನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಬೇಗ ಮುಗಿಯಲಿ ಎಂದು ಕೇಳುವ ದನಿಯಲ್ಲ ಅದು.

ಆಟ ಇನ್ನೇನು ಮುಗಿಯಬೇಕು, ಆಗ ಚೆಂಡು ಕಾಲೇಜಿನ ಕಡೆಯ ಕಂಬಗಳ ಹತ್ತಿರ ಬಂತು. ಎದುರಿಗೆ ಒಬ್ಬನೂ ಇರಲಿಲ್ಲ. ಕಟ್ಟಾಯದಿಂದ ಬಂದು ಓದುತ್ತಿದ್ದ ಉದ್ದನೆಯ ಹುಡುಗನೊಬ್ಬ ಗಾಬರಿಯಿಂದ ತಿರುಗಿ, ಆ ಋತುವಿನಲ್ಲಿ ಕಾಲೇಜಿನವರು ಒದ್ದ ಅತ್ಯಂತ ಚಂದದ ಒದೆತ ಒದ್ದ. ಚೆಂಡು ಬಾಣದ ಹಾಗೆ ಅವರದೇ ಗೋಲಿಗೆ ನುಗ್ಗಿತು. ಒಂದಕ್ಕೊಂದು, ಸಮ.

ಈಗ ದಿಬ್ಬಕ್ಕೆ ಜೀವ ಬಂತು. ಇದು ಅವರಿಗೆ ಗೊತ್ತಿದ್ದ ಕೆಲಸ. "ಥೂ ನಿಮ್ಮ ಜನ್ಮಕ್ಕೆ!" "ಲೇ ಕಟ್ಟಾಯ, ನಿಮ್ಮಪ್ಪ ಇದ್ಕೇನ್ಲಾ ನಿನ್ನ ಓದಕ್ಕೆ ಕಳ್ಸಿದ್ದು!" ಎಲ್ಲಕ್ಕೂ ಮೇಲೆ ನೇಮಿರಾಜಯ್ಯನ ದನಿ. ಕೊಡೆಯನ್ನು ಗದೆಯಂತೆ ಎತ್ತಿ, "ಮುಂಡೇವಾ! ಆರು ವರ್ಷ ಆಯ್ತಲ್ರೋ ನನ್ನ ನಾಲ್ಗೆ ಸತ್ತು!" ಎಂದು ಕೂಗುತ್ತಿದ್ದ. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಮದುವೆ ಮಂಟಪದಲ್ಲೂ ಅವಳು ಆ ಕಳೆಯನ್ನು ಆ ಮುಖದ ಮೇಲೆ ಕಂಡಿರಲಿಲ್ಲ. ಚಂದ್ರಶೇಖರಯ್ಯ ಅವನನ್ನು ತಬ್ಬಿಕೊಂಡರು.

"ಮನೆಗೆ ನಡೀರಪ್ಪ" ಎಂದಳು ಚಕ್ರೇಶ್ವರಿ ಜಟಕಾದವನಿಗೆ. ಸೀಟಿಗೆ ಕಾಯಲಿಲ್ಲ.

ಅವಳು ಅಳಲಿಲ್ಲ. ಅಳುವಷ್ಟು ಪುರುಸೊತ್ತೂ ಇರಲಿಲ್ಲ, ಬಿಸಿಲು ಆಗಲೇ ಅಂಗಳ ಬಿಟ್ಟು ಗೋಡೆ ಹತ್ತಿತ್ತು. ಒಲೆ ಹೊತ್ತಿಸಿ ಕಾವಲಿ ಇಟ್ಟಳು. ನೇಮಿರಾಜಯ್ಯ ಏದುಸಿರು ಬಿಡುತ್ತಾ ಒಳಗೆ ಬಂದಾಗ ನಡುಮನೆಯೆಲ್ಲ ಹೋಳಿಗೆ ಬೇಯುವ ಘಮ. ಅವನು ಹೊಸಲಿನಲ್ಲೇ ನಿಂತ.

"ಏನಿದು? ಗೆದ್ದಿಲ್ಲ ಕಣೇ. ಸಮ ಆಯ್ತು ಅಷ್ಟೇ."

"ಗೊತ್ತು. ನೋಡ್ದೆ."

"ನೋಡಿದ್ಯಾ?" ಅವನು ಮೆಲ್ಲಗೆ ಕೊಡೆ ಕೆಳಗಿಟ್ಟ. "ಪಾರ್ಶ್ವ ಇವತ್ತು ಆಡಿದ್ದು ಸರಿಯಿರ್ಲಿಲ್ಲ. ಎಳೇ ಮಗು ಹಿಡೀತಿತ್ತು ಆ ಚೆಂಡ್ನ."

"ನಾನೇ ಬಿಡು ಅಂದಿದ್ದೆ. ನೀವು ಬೆಲ್ಲ ತಿನ್ಲಿ ಅಂತ."

ಅವನು ಸಿಟ್ಟಿಗೆ ಉಸಿರೆಳೆದುಕೊಂಡ. ಅವಳು ಸಟ್ಟುಗ ಹಿಡಿದೇ ತಿರುಗಿದಳು. "ಗೋಲು ಬಿದ್ದಾಗ ಯಾಕೆ ಹಂಗೆ ನಿಂತಿದ್ರಿ? ಮನೆ ಹೊತ್ಕೊಂಡು ಉರಿದೋರ ಹಂಗೆ?"

ಎಳೆದುಕೊಂಡ ಉಸಿರು ಹಾಗೇ ಹೊರಗೆ ಹೋಯಿತು. ನೇಮಿರಾಜಯ್ಯ ಕಾಲು ತೊಳೆಯಲು ಹಿತ್ತಲಿಗೆ ನಡೆದ. ಬೇಕಾದ್ದಕ್ಕಿಂತ ಹೆಚ್ಚು ನೀರು ಸುರಿಯುವ ಸದ್ದು ಕೇಳಿಸಿತು. ತಿರುಗಿ ಬಂದಾಗ ತಗ್ಗಿದ ದನಿಯಲ್ಲಿ ಕೇಳಿದ: "ಅಮ್ಮ ಹೇಳಿದ್ರಲ್ಲ, ಬಿಟ್ಟೋರೆದುರು..."

"ಬಿಟ್ಟೋರು ನೀವು. ಚೆನ್ನಾಗಿ ಬಿಡಿ, ಬೇಕಾದ್ರೆ ಉಪ್ಪೂ ಬಿಡಿ. ನನ್ನ ಮಗಳು ಯಾವ ಮುನಿಗಳ ಮುಂದೇನೂ ಕೂತಿಲ್ಲ." ಅವನ ತಟ್ಟೆಗೆ ಅನ್ನ ಸಾರು ಬಡಿಸಿದಳು, ಹಪ್ಪಳ ಒಂದು ಹೆಚ್ಚಾಗಿಯೇ ಹಾಕಿದಳು. ಮರುದೇವಿಯ ತಟ್ಟೆಗೆ ಬಿಸಿ ಹೋಳಿಗೆ, ಮೇಲೆ ತುಪ್ಪ. ಮಗು ಅದನ್ನು ಮುಟ್ಟಿ, "ಇದು ನಮ್ದೇನಾ?" ಎಂದಿತು.

"ನಮ್ದೇ. ತಿನ್ನು."

ಆ ಹೊತ್ತಿಗೆ ಸಮಾಧಾನ ಹೇಳಲೆಂದು ಚಂದ್ರಶೇಖರಯ್ಯ ಬಂದರು. ಬಾಗಿಲಲ್ಲೇ ಮೂಗರಳಿಸಿ ಬೆಚ್ಚಿಬಿದ್ದರು. "ಏನ್ರೀ ನೇಮಿರಾಜಯ್ಯ, ಬಿಟ್ಬುಟ್ರಾ ನಿಯಮ? ಸಮ ಆದ್ರೆ ಗೆದ್ದಂಗಲ್ಲ ಕಣ್ರೀ, ನಾಳೆ ನಾವು ಜನಕ್ಕೆ ಏನಂತ ಮುಖ ತೋರ್ಸೋದು!"

"ಅವ್ರು ಬಿಟ್ಟಿಲ್ಲ, ನೀವು ಕೂತ್ಕೊಳಿ" ಎಂದು ಚಕ್ರೇಶ್ವರಿ ಮಣೆ ಹಾಕಿದಳು. ಚಂದ್ರಶೇಖರಯ್ಯ ಬೇಡ ಬೇಡವೆನ್ನುತ್ತಾ ಒಂದು ತಿಂದರು, ಸಂಕೋಚದಿಂದ ಇನ್ನೊಂದು, ಮೂರನೆಯದಕ್ಕೆ ತಾವೇ ಕೈ ಚಾಚಿದರು. ಬಾಯಿ ತುಂಬ ಹೂರಣವಿಟ್ಟುಕೊಂಡು, "ನಿಮ್ಮಂಥ ಛಲಗಾರ ಈ ಜಿಲ್ಲೇಲೇ ಇಲ್ಲ ಬಿಡಿ. ಮುಂದಿನ ಭಾನುವಾರ ಅರಕಲಗೂಡಿನೋರು ಬತ್ತಾರೆ. ಆರು ಗೋಲು ತಿನ್ನೋದು ಖಂಡಿತ" ಎಂದರು.

"ಆರೆಲ್ಲಿ, ಎಂಟು" ಎಂದ ನೇಮಿರಾಜಯ್ಯ ಉತ್ಸಾಹದಿಂದ, ಅನ್ನಕ್ಕೆ ಸಾರು ಕಲೆಸುತ್ತಾ. ಆ ಕಟ್ಟಾಯದವನನ್ನು ಮತ್ತೆ ಆಡಿಸಿದರೆ ಹತ್ತು ಎಂದು ಅವರು ಹೇಳಿದರು. ಇಬ್ಬರೂ ಬೈಯುತ್ತಾ ಬೈಯುತ್ತಾ ಗೆಲುವಾದರು.

ಹೊರಗೆ ಬೆಳಕು ಇನ್ನೂ ಒಂದಿಷ್ಟಿತ್ತು. ಚಕ್ರೇಶ್ವರಿ ಒಲೆಯ ಮುಂದೆ ಕೂತು ಕೊನೆಯ ಹೋಳಿಗೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು ಮುರಿದಳು. ಕೈ ಅಳತೆ ತಪ್ಪಿ ಬೆಲ್ಲ ಒಂದು ಮುಷ್ಟಿ ಜಾಸ್ತಿಯಾಗಿತ್ತು. ಪೂರ್ತಿ ತಿಂದಳು.