ಸಾಹುಕಾರರ ಕಾರು, ನನ್ನ ಕೀಗೊಂಚಲು

ಶನಿವಾರಸಂತೆಯಿಂದ ಬೆಳಗ್ಗೆ ಏಳಕ್ಕೆ ಹೊರಟೆ. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರಾಗಿ ಹನ್ನೊಂದು ವರ್ಷ ಎಲ್ಲ ಕೆಲಸಕ್ಕೂ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದ್ದೆ. ಅಂದು ಮೊದಲ ಸಲ ಸಾಹುಕಾರರ ಕಾರು ನನ್ನ ಕೈಗೆ ಬಂದಿತ್ತು. ಮೂರ್ನಾಡಿನ ವ್ಯಾಪಾರಿಗೆ ಹನ್ನೆರಡರೊಳಗೆ ಕಾಫಿ ಸ್ಯಾಂಪಲ್ ಮುಟ್ಟಿಸಬೇಕಿತ್ತು.

"ತಕರಾರಿಲ್ದೆ ಹೋಗಿ ಬಂದ್ರೆ ಇನ್ಮೇಲೆ ಓಡಾಟಕ್ಕೆ ಕಾರು ನೀವೇ ಇಟ್ಕೊಳ್ಳಿ ರೈಟರಮ್ಮ. ಇಲ್ಲಾಂದ್ರೆ ಬಸ್ಸೇ," ಎಂದಿದ್ದರು ಸಾಹುಕಾರರು. ಮಂಡಿನೋವಿನಿಂದ ದೂರದ ಓಟ ಬಿಟ್ಟಿದ್ದ ಡ್ರೈವರ್ ಮಾದಪ್ಪ ಪಕ್ಕದಲ್ಲಿ ನಿಂತು ನಕ್ಕಿದ್ದ. ನಗಲಿ ಬಿಡು ಎಂದುಕೊಂಡೆ.

ಸೋಮವಾರಪೇಟೆ ದಾಟುವವರೆಗೂ ಮಂಜು. ಒಂಬತ್ತೂವರೆಗೆ ಮಡಿಕೇರಿ ಸೇರಿದೆ. ತಿಂಡಿಗೆಂದು ಕಾರು ನಿಲ್ಲಿಸಿ ಲಾಕ್ ಮಾಡಿ, ಅದರ ಕೀಯನ್ನು ನನ್ನ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗೋಡೌನ್, ಪಂಪ್‌ಹೌಸ್, ತೋಟದೊಳಗಷ್ಟೇ ಓಡುವ ಹೊಸ ಜೀಪು, ಎಲ್ಲದರ ಕೀ ಅದರಲ್ಲೇ. ಬಿಡಿ ಕೀ ಎಂದರೆ ಕಳೆದುಹೋದ ಕೀ. ರೈಟರುಗಳು ಮೊದಲು ಕಲಿಯುವ ಪಾಠ ಅದು. ಅಕ್ಕಿರೊಟ್ಟಿ ತಿಂದು ಕಾಫಿ ಕುಡಿದು ಬಂದೆ.

ಕೀ ತಿರುಗಿಸಿದೆ. ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಲಿಲ್ಲ. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿತ್ತು. ಇಬ್ಬರು ಆಟೋದವರು ತಳ್ಳಿದರು, ಆಗಲಿಲ್ಲ. ಹತ್ತಿರದ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ. "ಬ್ಯಾಟರಿ ಚೆನ್ನಾಗಿದೆ ಅಕ್ಕಾ. ಕಂಪ್ಯೂಟರೇ ಹೋಗಿರ್ಬೇಕು. ಎಳ್ಕೊಂಡೇ ಹೋಗ್ಬೇಕು."

ಎಸ್ಟೇಟಿಗೆ ಫೋನ್ ಮಾಡಿದೆ. ಎತ್ತಿದವನು ಮಾದಪ್ಪ. ಕಾರು ಕೆಟ್ಟಿದೆ, ಎಳೆದೇ ತರಬೇಕಂತೆ ಎಂದೆ. "ಕೆಟ್ಟಿರೋದು ಕಾರಲ್ಲ ರೈಟರಮ್ಮ, ಓಡಿಸ್ದೋರು. ಕುಣೀಲಾರದೋಳಿಗೆ ನೆಲ ಡೊಂಕು." ಸಾಹುಕಾರರು ಫೋನ್ ಕಸಿದುಕೊಂಡು, "ಎಳೆಯೋ ಗಾಡಿ ಕಳಿಸ್ತೀನಿ. ನೀವು ಬಸ್ ಹತ್ತಿ," ಎಂದರು.

ಮೈಯೆಲ್ಲ ಉರಿದುಹೋಯಿತು. "ಗಾಡಿ ಕಳಿಸ್ಬೇಡಿ. ನಾನು ಬಸ್ ಹತ್ತಲ್ಲ," ಎಂದು ಫೋನಿಟ್ಟೆ.

ಡ್ಯಾಶ್‌ಬೋರ್ಡಿನಿಂದ ಕಾರಿನ ಪುಸ್ತಕ ತೆಗೆದು ಆ ದೀಪದ ಪುಟ ಹುಡುಕಿದೆ. ಅದು ಇಮೊಬಿಲೈಸರ್ ದೀಪವಂತೆ, ಕಳ್ಳರ ಕಾವಲು. ಕೀಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಅನ್ನು ಕಾರು ಗುರುತಿಸದಿದ್ದರೆ ಎಂಜಿನ್ ಹಿಡಿಯುವುದಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ: ಬೇರೆ ವಾಹನದ ಚಿಪ್ ಕೀ ಹತ್ತಿರವಿದ್ದರೆ ಗೊಂದಲವಾಗಬಹುದು. ಗೊಂಚಲು ನೋಡಿದೆ. ಕಾರಿನ ಕೀಗೆ ಅಂಟಿಕೊಂಡೇ ಜೀಪಿನ ಕೀ ನೇತಾಡುತ್ತಿತ್ತು. ಬೆಳಗ್ಗೆ ಬಿಡಿಯಾಗಿದ್ದಾಗ ತೊಂದರೆಯಿರಲಿಲ್ಲ. ಜೋಪಾನ ಮಾಡಿದ್ದೇ ತಪ್ಪಾಗಿತ್ತು.

ಕಾರಿನ ಕೀ ಬಿಚ್ಚಿ, ಗೊಂಚಲನ್ನು ಮೆಕ್ಯಾನಿಕ್ ಕೈಗಿಟ್ಟು ಹತ್ತು ಹೆಜ್ಜೆ ದೂರ ನಿಲ್ಲಿಸಿದೆ. ಎರಡು ನಿಮಿಷ ಬಿಟ್ಟು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್.

"ಇದು ನಂಗೂ ಗೊತ್ತಿರ್ಲಿಲ್ಲ ಅಕ್ಕಾ," ಎಂದ ಮೆಕ್ಯಾನಿಕ್. ಒಳ್ಳೆಯ ಮನುಷ್ಯ.

ಗೊಂಚಲನ್ನು ಡಿಕ್ಕಿಯಲ್ಲಿಟ್ಟು ಹೊರಟೆ. ಮೂರ್ನಾಡಿಗೆ ಹದಿನೈದು ಕಿಲೋಮೀಟರ್. ಹನ್ನೊಂದೂವರೆಗೆ ಸ್ಯಾಂಪಲ್ ವ್ಯಾಪಾರಿಯ ಮೇಜಿನ ಮೇಲಿತ್ತು.

ನಾಲ್ಕು ಗಂಟೆಗೆ ಎಸ್ಟೇಟಿಗೆ ವಾಪಸಾದೆ. ಸಾಹುಕಾರರು ಅಂಗಳದಲ್ಲೇ ನಿಂತಿದ್ದರು, ಮಾದಪ್ಪನೂ ಇದ್ದ. ನಡೆದದ್ದೆಲ್ಲ ಹೇಳಿದೆ, ತಪ್ಪು ನನ್ನದೇ ಎಂಬುದನ್ನೂ ಮುಚ್ಚಿಡಲಿಲ್ಲ.

"ತಕರಾರಂತೂ ಆಯ್ತಲ್ಲ. ಕೀ ಕೊಡಿ," ಎಂದು ಸಾಹುಕಾರರು ಕೈ ಚಾಚಿದರು.

ಡಿಕ್ಕಿಯಿಂದ ಗೊಂಚಲು ತೆಗೆದು, ಜೀಪಿನ ಕೀ ಬಿಚ್ಚಿ ಅವರ ಅಂಗೈ ಮೇಲಿಟ್ಟೆ. "ಇದನ್ನ ನೀವಿಟ್ಕೊಳ್ಳಿ. ಕಾರಿನ ಕೀ ಹತ್ರ ಇದು ಇರ್ಬಾರ್ದು."