ಮೋತ್ಯಾನ ಕೂದಲಿನ ದಾರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬಾಚಿದ ಕೂದಲನ್ನು ಎಲ್ಲೆಂದರಲ್ಲಿ ಬಿಸಾಡುವಂತಿರಲಿಲ್ಲ. ಉಂಡೆ ಸುತ್ತಿ, ಥೂ ಎಂದು ಉಗುಳಿ, ಗೋಡೆಯ ಸಂದಿಯಲ್ಲಿ ತುರುಕಬೇಕಿತ್ತು. ಆಗದವರ ಕೈಗೆ ಕೂದಲು ಸಿಕ್ಕರೆ ಭಾನಾಮತಿ, ಅಂದರೆ ಮಾಟ, ಮಾಡಿಸುತ್ತಾರೆಂದು ಆಯಿ ನಂಬಿದ್ದಳು. ಆಯಿ ಎಂದರೆ ಅಪ್ಪನ ಅವ್ವ. ಅವಳ ಸಂಶಯದ ಬುದ್ಧಿ ನೇರ ನನಗೇ ಬಂದಿದೆ. ಈಗಲೂ ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಮೊಮ್ಮಕ್ಕಳೇ, ನೀವು ನಗುತ್ತೀರಿ, ನಗಿರಿ.

ಅಕ್ಕಲಕೋಟೆಯ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆಯಿತ್ತು. ಒಂದು ಬೇಸಿಗೆಯ ಬೆಳಿಗ್ಗೆ ಆಯಿ ದನದ ಕೊಟ್ಟಿಗೆಯ ಗೂಡಿನಲ್ಲಿ ಕೈಯಾಡಿಸಿದಾಗ ಮೆತ್ತನೆಯ ಬಿಳಿ ಕೂದಲಿನ ಸುರುಳಿಗಳು ಸಿಕ್ಕವು. ಅವು ಮೋತ್ಯಾನ ಕೂದಲು. ಕುರಿಗಾರರು ನಮಗೆ ಕೊಟ್ಟುಹೋದ ನಾಯಿ ಅದು, ಕುರಿಯಷ್ಟೇ ಜೊಂಪೆ ಮೈ. ಆ ದಿನಗಳಲ್ಲಿ ನಮ್ಮ ಎಮ್ಮೆ ಹಾಲು ಕಡಿಮೆ ಮಾಡಿತ್ತು. ಬಿಸಿಲಿಗೆ ಹಾಗಾಗಿದೆ ಎಂದು ಅಪ್ಪ ಎಷ್ಟು ಹೇಳಿದರೂ ಆಯಿ ಕೇಳಲಿಲ್ಲ, ಕೂದಲಿಟ್ಟು ಯಾರೋ ಎಮ್ಮೆಗೆ ಮಾಟ ಮಾಡಿದ್ದಾರೆ ಎಂದಳು. ಮಧ್ಯಾಹ್ನದ ಹೊತ್ತು ಕೊಟ್ಟಿಗೆಗೆ ಹೋಗುತ್ತಿದ್ದವಳು ಕಾಕೂ ಒಬ್ಬಳೇ. ಅವಳು ಚಿಕ್ಕಪ್ಪನ ಹೊಸ ಹೆಂಡತಿ, ಮದುವೆಯಾಗಿ ಸೊಲ್ಲಾಪುರದಿಂದ ಬಂದವಳು.

"ಇದು ಆಕೀದ ಕೆಲಸ ಅಂತ ಖರೇ ಆದ್ರ, ಇವತ್ತ ಸಂಜಿಗಿ ಗಾಡಿ ಹೂಡಿಸಿ ತವರಿಗಿ ಕಳಸ್ತೀನಿ. ತಿರುಗಿ ಕರ್ಸೂದಿಲ್ಲ" ಎಂದು ಆಯಿ ನನ್ನ ಕಿವಿಯಲ್ಲಿ ಹೇಳಿದಳು. "ನೀ ಆಕಿ ಮ್ಯಾಲ ಒಂದ ಕಣ್ಣ ಇಡು."

ಕಾಕೂ ದಿನಾ ನನ್ನ ಜಡೆ ಹೆಣೆಯುತ್ತಿದ್ದಳು. ರೊಟ್ಟಿ ಬಡಿಯುವಾಗ ನನಗೆಂದೇ ಒಂದು ಪುಟ್ಟ ರೊಟ್ಟಿ ಮಾಡುತ್ತಿದ್ದಳು. ಆದರೆ ಸಂಶಯ ಹೊಕ್ಕ ಮೇಲೆ ಎಲ್ಲವೂ ಬೇರೆಯಾಗಿಯೇ ಕಂಡಿತು. ಜಡೆ ಹೆಣೆಯುವಾಗ ಉದುರಿದ ನನ್ನ ಕೂದಲನ್ನು ಅವಳು ಏನು ಮಾಡುತ್ತಾಳೆ? ಆ ಪುಟ್ಟ ರೊಟ್ಟಿ ನನಗೊಬ್ಬಳಿಗೇ ಏಕೆ? ಅಂದು ಅದನ್ನು ತಿನ್ನದೆ ಎಮ್ಮೆಗೆ ಹಾಕಿದೆ. ಎಮ್ಮೆ ತಿಂದು ಸುಮ್ಮನೆ ನಿಂತಿತು.

ಊಟವಾಗಿ ಮನೆಯವರೆಲ್ಲ ಮಲಗಿದ ಮೇಲೆ ನಾನು ಜೋಳದ ಕಣಿಕೆಯ ಬಣವೆಯ ಹಿಂದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಬೆವರಿದ ಕುತ್ತಿಗೆಗೆ ಕಣಿಕೆಯ ದೂಳು ಮೆತ್ತಿಕೊಂಡು ಚುರುಗುಡುತ್ತಿತ್ತು. ಕಾಕೂ ಬಂದಳು. ಮೋತ್ಯಾ ತಾನಾಗಿಯೇ ಅವಳ ಮುಂದೆ ಅಡ್ಡಾಯಿತು. ಅವಳು ಹಣಿಗೆಯಿಂದ ಅದರ ಬೆನ್ನು ಬಾಚಿದಂತೆಲ್ಲ ಬಿಳಿ ಕೂದಲು ಹಿಂಜಿದ ಅರಳೆಯಂತೆ ಎದ್ದು ಬಂತು. ಆಮೇಲೆ ಸೆರಗಿನಿಂದ ಒಂದು ತಕಲಿ ತೆಗೆದಳು. ಸಾಲೆಯಲ್ಲಿ ನಾವು ಅರಳೆ ನೂಲುತ್ತಿದ್ದಂಥದೇ, ತೆಳುವಾದ ಕಡ್ಡಿ, ಕೆಳಗೆ ಹಿತ್ತಾಳೆಯ ಬಿಲ್ಲೆ. ತೆಂಗಿನ ಚಿಪ್ಪಿನಲ್ಲಿ ಅದನ್ನು ಗಿರ್ರನೆ ತಿರುಗಿಸಿ ಮೆಲ್ಲಗೆ ಕೈ ಮೇಲೆತ್ತಿದಳು. ನಾಯಿಯ ಕೂದಲು ದಾರವಾಗುತ್ತ ಹೋಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮಾಟಕ್ಕೂ ದಾರ ಬೇಕಾಗುತ್ತದಲ್ಲ ಎಂದು ಮರುಕ್ಷಣವೇ ಅನ್ನಿಸಿತು.

"ಏನದು?" ಎಂಬ ದನಿ ನನ್ನ ಬೆನ್ನ ಹಿಂದಿನಿಂದಲೇ ಬಂತು. ನನ್ನ ಮೇಲೂ ನಂಬಿಕೆಯಿಲ್ಲದೆ ಆಯಿ ತಾನೇ ಬಂದಿದ್ದಳು!

ಕಾಕೂ ಬೆದರಿ ಎದ್ದು ನಿಂತಳು. "ಬರೇ ನೂಲರಿ, ಅತ್ತಿ. ತವರಾಗ ದಿನಾ ನೂಲತಿದ್ದೆ. ಇಲ್ಲಿ ಅರಳಿ ಕೇಳಾಕ ಅಂಜಿಕಿ ಬಂತು. ಇದರ ಕೂದಲಾ ಹೆಂಗೂ ಉದರತಾವ ಅಂತ..."

"ಸುಳ್ಳ ಹೇಳಬ್ಯಾಡ! ನಾಯಿ ಕೂದಲಾ ಯಾರರ ನೂಲತಾರೇನ? ನಡಿ, ಗಾಡಿ ಹೂಡಸ್ತೀನಿ."

ಆಯಿ ಅಂಗಳದತ್ತ ತಿರುಗಿದಳು. ಕಾಕೂನ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಏನು ತೋಚಿತೋ, ಓಡಿಹೋಗಿ ಆ ದಾರವನ್ನು ಕಿತ್ತು ನನ್ನ ಮಣಿಕಟ್ಟಿಗೇ ಸುತ್ತಿಕೊಂಡೆ. "ಏ, ಬ್ಯಾಡ ಬ್ಯಾಡ!" ಎಂದು ಆಯಿ ಚೀರುವಷ್ಟರಲ್ಲಿ ಹಲ್ಲಿನಿಂದ ಗಂಟನ್ನೂ ಬಿಗಿದಾಗಿತ್ತು.

"ಏನರ ಆದ್ರ ನನಗ ಆಗ್ಲಿ, ನೋಡೂಣು" ಎಂದೆ.

ಆಯಿ ಗಾಡಿಯ ಮಾತೇ ಮರೆತಳು. ಸಂಜೆಯವರೆಗೂ ನನ್ನ ಹಣೆ ಮುಟ್ಟಿ ನೋಡಿದ್ದೇ ನೋಡಿದ್ದು. ನಾನು ಸೀನಿದರೆ ಕಾಕೂನ ಕಡೆಗೆ ಕಣ್ಣು ಕೆಕ್ಕರಿಸುವಳು. ನಾಲಿಗೆ ಹೊರಳುತ್ತದೆಯೇ, ಕಾಲು ಎತ್ತಿಡಲು ಬರುತ್ತದೆಯೇ ಎಂದು ನಾನೂ ಕದ್ದು ಕದ್ದು ಪರೀಕ್ಷೆ ಮಾಡಿಕೊಂಡೆ. ಮಣಿಕಟ್ಟು ಕಡಿಯುತ್ತಿತ್ತು, ಅಷ್ಟೆ. ದೀಪ ಹಚ್ಚುವ ಹೊತ್ತಿಗೆ ಆಯಿ ನನ್ನ ಕೈ ಎಳೆದುಕೊಂಡು ದಾರವನ್ನು ತೀಡಿದಳು, ಮೂಸಿದಳು. ಕಾಕೂನ ಮುಖ ನೋಡದೆಯೇ ಹೇಳಿದಳು: "ಹುಡುಗಿ ಕೈ ಕಡ್ಯಾಕತ್ತೈತಿ. ನಾಳಿ ಅರಳಿ ಕೊಡ್ತೀನಿ, ಕೂಡಿಸಿ ಸಣ್ಣಗ ನೂಲು."

ನಾಳೆ ಎಂಬ ಆ ಮಾತು ಕೇಳಿ ಕಾಕೂ ಒಲೆಯ ಮುಂದೆ ಕುಳಿತು ಗಳಗಳನೆ ಅತ್ತುಬಿಟ್ಟಳು.

ಈಗ ಸೊಲ್ಲಾಪುರದ ವಿಜಾಪುರ ರಸ್ತೆಯ ನಿಮ್ಮ ಮನೆಯಲ್ಲೂ ಜೊಂಪೆ ಕೂದಲಿನ ನಾಯಿಯಿದೆ. ಸೋಫಾದ ಮೇಲೆ ಉದುರಿದ ಕೂದಲನ್ನು ಮಷೀನು ಸೊರ್ರೆಂದು ಎಳೆದುಕೊಳ್ಳುತ್ತದೆ, ಬೆಳಿಗ್ಗೆ ಅದು ಕಸದ ಗಾಡಿಗೆ ಹೋಗುತ್ತದೆ. ಕೂದಲು ಕಂಡು ಯಾರೂ ಹೆದರುವುದಿಲ್ಲ, ಅದು ಒಳ್ಳೆಯದೇ. ನಿಮಗೆ ಸಂಶಯ ಬಂದರೆ ಮೊಬೈಲನ್ನು ಕೇಳುತ್ತೀರಿ, ಅದು ಏನೋ ಒಂದು ಹೇಳುತ್ತದೆ. ನನಗೆ ಅದರ ಮೇಲೂ ಸಂಶಯವೇ ಬಿಡಿ. ನಮಗೆ ಆಗ ಕೇಳಿ ತಿಳಿಯಲು ಯಾರೂ ಇರಲಿಲ್ಲ. ಈ ಕಥೆ ಮೊದಲ ಸಲ ಹೇಳಿದ ದಿನ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, "ನಿನಗೆ ಹೆದರಿಕೆ ಆಗಲಿಲ್ಲವೇ ಆಜಿ?" ಎಂದು ಮರಾಠಿಯಲ್ಲಿ ಕೇಳಿದಳು.

ಆಗದೆ ಏನು ಮಗಳೇ, ಗಂಟು ಬಿಗಿಯುವಾಗ ಹಲ್ಲು ಕಟಕಟ ಎನ್ನುತ್ತಿತ್ತು. ಆದರೆ ಕಾಕೂ ಇಲ್ಲದ ಮನೆಯನ್ನು ನೆನೆಸಿಕೊಂಡರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು.