ಹಾಲಮ್ಮ ಬಸ್ ನಿಲ್ಲಿಸಿದ್ದು

ನಮ್ಮ ಉಡುತಡಿಯಲ್ಲಿ ಯಾವ ಸುದ್ದಿಯನ್ನೂ ಯಾರೋ ಒಬ್ಬರೇ ಹೇಳುವುದಿಲ್ಲ, ನಾವೆಲ್ಲ ಸೇರಿ ಹೇಳುತ್ತೇವೆ. ಹಾಲಮ್ಮ ಬಸ್ ನಿಲ್ಲಿಸಿದ್ದನ್ನೂ ನಾವೇ ಹೇಳಿದೆವು.

ಹಾಲಮ್ಮ ಮದುವೆಯಾಗಿ ಬಂದಾಗಿನಿಂದ ಕುರಿಗಳ ಹಿಂದೆ ನಡೆದವಳು. ಬಸ್ಸಿನಲ್ಲಿ ಕೂತದ್ದು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಕುರಿ ಮಾರಿಯೇ ಮೊಮ್ಮಗಳು ರೋಜಾಳನ್ನು ಶಿಕಾರಿಪುರದ ಕಾಲೇಜಿಗೆ ಸೇರಿಸಿದ್ದಳು. ಆದರೆ ಮಧ್ಯಾಹ್ನದ ಖಾಸಗಿ ಬಸ್ಸು ನಮ್ಮೂರನ್ನು ಕಣ್ಣೆತ್ತಿಯೂ ನೋಡದೆ ಓಡುತ್ತಿತ್ತು.

ರೋಜಾಳಿಗೆ ಪರೀಕ್ಷೆಯಿದ್ದ ದಿನ, ಬಸ್ಸು ಬರುವ ಹೊತ್ತಿಗೆ ಸರಿಯಾಗಿ, ಹಾಲಮ್ಮನ ಮಂದೆ ಹುಣಸೆಮರದ ನೆರಳಿಗೆಂದು ರಸ್ತೆಯ ಮೇಲೆ ಗುಂಪುಗಟ್ಟಿತು. ಉರಿಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತವೆಂದರೆ ಹಾರ್ನ್ ಹೊಡೆದರೂ ಅಷ್ಟೆ, ಬೈದರೂ ಅಷ್ಟೆ. ಬಸ್ಸು ನಿಂತಿತು. ರೋಜಾ ಓಡಿಬಂದು ಹತ್ತಿದಳು.

ಇಷ್ಟನ್ನೇ ಹೇಳಿದರೆ ಊರಿನ ಮರ್ಯಾದೆ ಏನಾಗಬೇಕು? ಸಂಜೆಯೊಳಗೆ ನಮ್ಮ ಹಾಲಮ್ಮ ರಸ್ತೆಯ ನಟ್ಟನಡುವೆ ಕೋಲು ಊರಿ, ಕಂಬಳಿ ಕೊಡವಿ ನಿಂತಿದ್ದಳು. ಮರುದಿನ ಚಹದಂಗಡಿಯಲ್ಲಿ ಅವಳ ಕೈಗೆ ಕುಡುಗೋಲು ಬಂತು. ವಾರ ಕಳೆಯುವುದರಲ್ಲಿ ಡ್ರೈವರು ಕೆಳಗಿಳಿದು ಅವಳ ಕಾಲು ಹಿಡಿದಿದ್ದ. ತಾನೇನೂ ಮಾಡಿಲ್ಲ, ಕುರಿ ನಿಂತವು ಎಂದು ಅವಳು ಹೇಳಿದಳು. ವೀರರಿಗೆ ವಿನಯವೂ ಇರಬೇಕಲ್ಲ, ಅದನ್ನೂ ಕಥೆಗೆ ಸೇರಿಸಿದೆವು.

ಕಥೆ ಶಿಕಾರಿಪುರದ ಎಪಿಎಂಸಿಗೂ ತಲುಪಿತು. ಅಲ್ಲಿಂದ ಬಸ್ಸಿನ ಮಾಲೀಕ ಮಹಾಂತೇಶ ಬೈಕ್ ಏರಿ ನೇರ ನಮ್ಮ ಕಟ್ಟೆಗೆ ಬಂದ. ಕುಡುಗೋಲು ತೋರಿಸಿದ ಹೆಂಗಸಿನ ಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆ, ಕಣ್ಣಾರೆ ಕಂಡವರು ಯಾರು, ಹೇಳಿ ಎಂದ. ಹಾಗೇನೂ ಆಗಿಲ್ಲವೆಂದು ಡ್ರೈವರು ಎಷ್ಟು ಹೇಳಿದರೂ ಅವನು ನಂಬಿರಲಿಲ್ಲ. ನಮ್ಮ ಕಥೆ ಅಷ್ಟು ಚೆನ್ನಾಗಿತ್ತು.

ಆದರೆ ಕಂಡವರೇ ಸಿಗಲಿಲ್ಲ. ಬಂಗಾರಪ್ಪ ವೀರೇಶನಿಂದ ಕೇಳಿದ್ದ, ವೀರೇಶ ಬಂಗಾರಪ್ಪನಿಂದ ಕೇಳಿದ್ದ. ಉಳಿದವರು ಅವತ್ತು ಊರಲ್ಲೇ ಇರಲಿಲ್ಲ. ಎಲ್ಲರೂ ಒಂದೇ ದನಿಯಲ್ಲಿ, ಕುರಿಗಳು ತಾವಾಗಿಯೇ ನಿಂತವು, ಪಾಪ ಹಾಲಮ್ಮನಿಗೇನೂ ಗೊತ್ತಿಲ್ಲ ಎಂದೆವು.

ಮಹಾಂತೇಶ ತಣ್ಣಗಾದ. "ಹಂಗಾದ್ರೆ ಆತು ಬಿಡ್ರಿ. ಕುರಿ ಅಡ್ಡ ಬಂದಿದ್ದಕ್ಕೆ ಬಸ್ಸು ನಿಂತತಿ. ಇನ್ನ ಇಲ್ಲಿ ನಿಲ್ಸೋ ಮಾತೇ ಇಲ್ಲ."

ಕಟ್ಟೆಯ ಪಕ್ಕ ಅಷ್ಟೊತ್ತೂ ಸುಮ್ಮನೆ ಕೂತಿದ್ದ ಹಾಲಮ್ಮ ಎದ್ದಳು.

"ನಿಂತಿದ್ದು ಕುರಿ, ಖರೇ. ಮಂದೆ ಮುಂದೆ ನಡಿಯೋ ಹೋತನ ಕಿವಿ ಹಿಡಿದು ಎಳೆದಿದ್ರೆ ಎಲ್ಲಾ ಅದರ ಹಿಂದೇನೇ ಬರ್ತಿದ್ವು. ನಾ ಎಳೀಲಿಲ್ಲ. ನಮ್ಮ ಹುಡುಗಿ ಹತ್ತೋತನಕ ಎಳೀಲಿಲ್ಲ."

ಇಷ್ಟೊಂದು ಜನ ಸೇರಿ ಕಥೆ ಕಟ್ಟಿದರೂ ಇಂಥ ಸೊಗಸಾದ ಸಂಗತಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಅಂದ್ರೆ ಬೇಕಂತ್ಲೇ ತಡದ್ರಿ?" ಮಹಾಂತೇಶ ಕೇಳಿದ.

"ಹೂಂ."

"ನಾಳೆ?"

"ನಾಳೆನೂ ಬಿಸ್ಲು ಬರ್ತತಿ. ನೆಳ್ಳೂ ಅಲ್ಲೇ ಇರ್ತತಿ."

ಮಹಾಂತೇಶ ಅವಳನ್ನು ನೋಡಿದ, ಹುಣಸೆಮರವನ್ನು ನೋಡಿದ, ಕೊನೆಗೆ ನಕ್ಕುಬಿಟ್ಟ. ನಾಳೆಯಿಂದ ಹುಡುಗಿ ಮರದ ಹತ್ತಿರ ಕೈ ತೋರಿಸಲಿ, ನಿಲ್ಲಿಸಲು ಡ್ರೈವರಿಗೆ ಹೇಳುತ್ತೇನೆ ಎಂದ. ಬೈಕ್ ಹತ್ತುವಾಗ, "ಮಂದೆ ಮಾತ್ರ ಆ ಕಡೆ ಹೊಡ್ಕೊಂಡ್ ಹೋಗಬೇಕ್ ನೋಡಬೇ ಅಜ್ಜಿ" ಎಂದ.

ಮರುದಿನ ಹಾಲಮ್ಮ ಮಂದೆಯನ್ನು ಕೆರೆಯ ಕಡೆ ಹೊಡೆದಳು. ರಸ್ತೆ ಖಾಲಿಯಿತ್ತು. ರೋಜಾ ಕೈ ತೋರಿಸಿದಳು, ಬಸ್ಸು ನಿಂತಿತು. ಅವಳ ಹಿಂದೆ ನಾವೆಲ್ಲ ಹತ್ತಿದೆವು. ಶಿಕಾರಿಪುರದಲ್ಲಿ ನಮಗೆ ಯಾರಿಗೂ ಕೆಲಸವಿರಲಿಲ್ಲ.